ಹಳೆಯ 777, ಡ್ರೀಮ್‌ಲೈನರ್, ಎ350: ದೂರದ ಪ್ರಯಾಣಕ್ಕೆ ಯಾವುದು?

ಎ350 ಸಿಕ್ಕರೆ ಬೇರೆ ಯೋಚನೆ ಬೇಡ. ಅಡಿಕೆ ಕೊಯ್ಲು, ಬೇಯಿಸುವುದು, ಒಣಗಿಸುವುದು ಎಲ್ಲ ಮುಗಿಸಿ ಅಮೆರಿಕ, ಯುರೋಪಿನಲ್ಲಿರುವ ಮಕ್ಕಳ ಮನೆಗೆ ಹೊರಡುವ ಸಾಗರ, ತೀರ್ಥಹಳ್ಳಿ, ಹೊಸನಗರದ ಹಿರಿಯರಿಗಂತೂ ಟಿಕೆಟ್ ದರಕ್ಕಿಂತ ಮೊದಲು ವಿಮಾನ ಯಾವುದೆಂದು ನೋಡಿ. ದೂರದ ದಾರಿಯ ಹಳೆಯ ಬೋಯಿಂಗ್ 777ಗಳನ್ನು ಸಂಸ್ಥೆಗಳು ಒಂದೊಂದಾಗಿ ತೆಗೆದು ಬೋಯಿಂಗ್ 787 ಡ್ರೀಮ್‌ಲೈನರ್, ಏರ್‌ಬಸ್ ಎ350 ತರುತ್ತಿವೆ. ಏರ್ ಇಂಡಿಯಾ 2023ರ ಫೆಬ್ರುವರಿಯಲ್ಲಿ ಪ್ರಕಟಿಸಿದ 470 ವಿಮಾನಗಳ ಖರೀದಿಯಲ್ಲಿ 40 ಎ350 ಇದ್ದವು. ಮೊದಲನೆಯದು ಅದೇ ಡಿಸೆಂಬರಿನಲ್ಲಿ ಬಂತು. ಇಲ್ಲಿ ಹೇಳುವುದೆಲ್ಲ ಎಕಾನಮಿ ಸೀಟಿನ ಮಾತು.

ದೊಡ್ಡ ವ್ಯತ್ಯಾಸ ಒಳಗಿನ ಗಾಳಿಯದು. 777ರ ಮೈ ಅಲ್ಯೂಮಿನಿಯಮ್. ಹಾರುವಾಗ ಒಳಗಿನ ಒತ್ತಡ 8,000 ಅಡಿ ಎತ್ತರದಲ್ಲಿ ಇರುವಷ್ಟಕ್ಕೆ ಇಳಿಯಬಹುದು, ಅಂದರೆ ಊಟಿ ಪೇಟೆಗಿಂತಲೂ ಮೇಲೆ. 787 ಮತ್ತು ಎ350ರ ತೂಕದಲ್ಲಿ ಅರ್ಧದಷ್ಟು ಕಾರ್ಬನ್ ಫೈಬರ್‌ನಂಥ ಸಂಯುಕ್ತ ವಸ್ತು. ಆ ಮೈ ಹೆಚ್ಚು ಒತ್ತಡ ತಡೆಯುವುದರಿಂದ ಒಳಗನ್ನು 6,000 ಅಡಿಯ ಆಸುಪಾಸಿನಲ್ಲಿ ಇಡುತ್ತಾರೆ. ಮುಳ್ಳಯ್ಯನಗಿರಿಯ ತುದಿಗಿಂತ ತುಸು ಕೆಳಗೆ. ಹದಿನೈದು ತಾಸು ಕೂತು ಇಳಿದಾಗ ತಲೆಭಾರ, ಸುಸ್ತು ಎಷ್ಟು ಎಂಬುದರಲ್ಲಿ ಇದು ಗೊತ್ತಾಗುತ್ತದೆ. ಲೋಹ ತುಕ್ಕು ಹಿಡಿಯಬಾರದೆಂದು 777ರ ಗಾಳಿಯನ್ನು ತೀರಾ ಒಣದಾಗಿ ಇಡಬೇಕು. ಹೊಸ ಎರಡರಲ್ಲಿ ತೇವ ಸ್ವಲ್ಪ ಹೆಚ್ಚು. ಮಳೆಗಾಲದಲ್ಲಿ ಬಟ್ಟೆ ಒಣಗದ ಊರಿನವರ ಮೂಗು, ಗಂಟಲಿಗೆ ಈ ವ್ಯತ್ಯಾಸ ಬೇಗ ತಿಳಿಯುತ್ತದೆ. 777 ಹತ್ತುವವರು ಮೂಗಿಗೆ ಬಿಡುವ ಸಲೈನ್ ಡ್ರಾಪ್ಸ್ ಕೈಚೀಲದಲ್ಲೇ ಇಟ್ಟುಕೊಳ್ಳಿ.

ಒಳಗಿನ ಅಗಲ ನೋಡಿದರೆ 777 ಗೆಲ್ಲಬೇಕು: 5.87 ಮೀಟರ್. ಎ350ಗೆ 5.61, 787ಗೆ 5.49. ಆದರೆ 777ರಲ್ಲಿ ಬಹುಪಾಲು ಸಂಸ್ಥೆಗಳು ಸಾಲಿಗೆ 3-4-3ರಂತೆ ಹತ್ತು ಸೀಟು ಹಾಕಿವೆ. ಪಕ್ಕದವರ ಮೊಣಕೈ ತಾಗದೆ ಊಟ ಮಾಡುವುದು ಕಷ್ಟ. ಉಳಿದೆರಡರಲ್ಲಿ ಸಾಮಾನ್ಯವಾಗಿ 3-3-3. ಒಂಬತ್ತೇ ಸೀಟಿದ್ದರೂ 787 ಇಕ್ಕಟ್ಟು, ಸೀಟಿನ ಅಗಲ 17 ಇಂಚಿಗಿಂತ ಚೂರು ಹೆಚ್ಚು. ಎ350ರಲ್ಲಿ ಹದಿನೇಳೂವರೆ ಇಂಚಿನ ಮೇಲೆ ಸಿಗುತ್ತದೆ. ಹಳೆಯ 777ರಲ್ಲೇ 3-3-3 ಇಟ್ಟವರೂ ಇದ್ದಾರೆ. ಅಂಥದು ಸಿಕ್ಕರೆ ಮೂರರಲ್ಲೂ ಅಗಲದ ಸೀಟು ಅದೇ, ಇದನ್ನು ಒಪ್ಪಲೇಬೇಕು.

787ರ ಕಿಟಕಿಗೆ ಪರದೆಯಿಲ್ಲ, ಗುಂಡಿ ಒತ್ತಿದರೆ ಗಾಜು ಕಪ್ಪಾಗುತ್ತದೆ. ನೇರ ಬಿಸಿಲಿದ್ದರೆ ಪೂರ್ತಿ ಕತ್ತಲಾಗದು. ಸದ್ದು ಎ350ರಲ್ಲಿ ಕಡಿಮೆ.

ಇನ್ನು ಕಿರಿಕಿರಿಯ ವಿಷಯ. ಎ350 ಎಂದು ನೋಡಿಯೇ ಟಿಕೆಟ್ ಮಾಡಿರುತ್ತೀರಿ, ಹೊರಡುವ ದಿನ ಬಂದು ನಿಲ್ಲುವುದು 777. ಹೊಸ ವಿಮಾನಗಳು ಹೇಳಿದ ಹೊತ್ತಿಗೆ ಬರುತ್ತಿಲ್ಲ. 2020ಕ್ಕೆ ಬರಬೇಕಿದ್ದ, 777ರ ಹೊಸ ಮಾದರಿಯಾದ 777ಎಕ್ಸ್ 2025 ಮುಗಿದರೂ ಯಾರ ಕೈಗೂ ಸೇರಲಿಲ್ಲ. ಹಾಗಾಗಿ ಹಳೆಯವು ಇನ್ನೂ ಓಡುತ್ತಿವೆ, ಹೊಸದೊಂದು ರಿಪೇರಿಗೆ ನಿಂತರೆ ಅವನ್ನೇ ಕಳಿಸುತ್ತಾರೆ. ವಿಮಾನ ಬದಲಾದ ಮಾತ್ರಕ್ಕೆ ದುಡ್ಡು ವಾಪಸ್ ಸಿಗುವುದಿಲ್ಲ. ವಿಮಾನ ಬದಲಿಸಲು ಟಿಕೆಟಿನ ಷರತ್ತಿನಲ್ಲೇ ಅವಕಾಶ ಇರುತ್ತದೆ. ದುಡ್ಡು ಕೊಟ್ಟು ಆರಿಸಿದ ಸೀಟು ಹೋದರೆ ಮಾತ್ರ ಆ ದುಡ್ಡು ಕೇಳಬಹುದು, ರಸೀದಿ ಉಳಿಸಿಕೊಂಡಿರಿ.

ಟಿಕೆಟ್ ಮಾಡುವ ಮೊದಲು ವಿಮಾನದ ಸಂಕೇತ ನೋಡಿ: 359 ಅಂದರೆ ಎ350-900, 788 ಮತ್ತು 789 ಡ್ರೀಮ್‌ಲೈನರ್, 77ಡಬ್ಲ್ಯೂ ಅಂದರೆ 777-300ಇಆರ್. ಅದನ್ನೇ ನಂಬಿ ಕೂರಬೇಡಿ. ವಿಮಾನಗಳ ಓಡಾಟ ತೋರಿಸುವ ಫ್ಲೈಟ್‌ರಾಡಾರ್24 ಜಾಲತಾಣದಲ್ಲಿ ಆ ಫ್ಲೈಟ್ ನಂಬರ್ ಹಾಕಿದರೆ ಹಿಂದಿನ ವಾರ ದಿನವೂ ಯಾವ ವಿಮಾನ ಹೋಯಿತು ಎಂದು ಕಾಣುತ್ತದೆ. ವಾರದಲ್ಲಿ ಎರಡು ಸಲ 777 ಹೋಗಿದ್ದರೆ ನಿಮಗೂ ಅದೇ ಬರಬಹುದೆಂದು ಲೆಕ್ಕ ಹಾಕಿ. ಒಳಗನ್ನು ಹೊಸದು ಮಾಡಿದ ಹಳೆಯ ವಿಮಾನಕ್ಕೂ ಮಾಡದ್ದಕ್ಕೂ ಸಂಕೇತ ಒಂದೇ. ಅಲ್ಲಿ ಸೀಟ್ ಮ್ಯಾಪಿನ ಬಿಸಿನೆಸ್ ಕ್ಲಾಸ್ ನೋಡಿ: 2-2-2 ಅಥವಾ 2-3-2 ಇದ್ದರೆ ಸಾಮಾನ್ಯವಾಗಿ ಹಳೆಯ ಒಳಾಂಗಣ, 1-2-1 ಇದ್ದರೆ ಹೊಸದು. ಎಕಾನಮಿಯ ಟಿವಿ, ಚಾರ್ಜಿಂಗ್ ಕೂಡ ಬಹುಮಟ್ಟಿಗೆ ಅದರ ಜೊತೆಗೇ ಬದಲಾಗಿರುತ್ತವೆ.

ದಂಪತಿಗಳಾದರೆ ಒಂದೇ ಸಾಲಿನ ಸಿ ಮತ್ತು ಡಿ ಸೀಟು ತೆಗೆದುಕೊಳ್ಳಿ. ಬಹುಪಾಲು ಸಂಸ್ಥೆಗಳಲ್ಲಿ 3-3-3 ಇರಲಿ, 3-4-3 ಇರಲಿ, ಇವೆರಡೂ ನಡೆದಾರಿಯ ಪಕ್ಕದವೇ, ನಡುವೆ ದಾರಿ ಮಾತ್ರ. ವಿಮಾನ ಬದಲಾದರೂ ಜೋಡಿ ತಪ್ಪುವ ಸಂಭವ ಕಡಿಮೆ, ಮಂಡಿನೋವಿನವರು ಯಾರನ್ನೂ ಎಬ್ಬಿಸದೆ ಓಡಾಡಬಹುದು. ಸಾಲಿನ ನಂಬರ್ ಮಾತ್ರ ನಂಬುವಂತಿಲ್ಲ, ಒಂದರಲ್ಲಿ ಎಮರ್ಜೆನ್ಸಿ ಬಾಗಿಲಿನ ಪಕ್ಕದ್ದು ಇನ್ನೊಂದರಲ್ಲಿ ಶೌಚಾಲಯದ ಪಕ್ಕದ್ದಾಗಬಹುದು. ವೆಬ್ ಚೆಕ್-ಇನ್ ತೆರೆದ ಕೂಡಲೇ ಮ್ಯಾಪ್ ಮತ್ತೆ ನೋಡಿ.

ಶಿವಮೊಗ್ಗದ ಸೋಗಾನೆ ವಿಮಾನ ನಿಲ್ದಾಣದಿಂದ ಬೆಂಗಳೂರಿಗೆ ಬೇರೆ ಟಿಕೆಟಿನಲ್ಲಿ ಅದೇ ದಿನ ಹಾರುವುದು ಬೇಡ. ದೇಶದೊಳಗಿನ ಟಿಕೆಟಿಗೆ ಸಾಮಾನ್ಯವಾಗಿ 15 ಕಿಲೋ ಲಗೇಜು, ನಿಮ್ಮ ಹತ್ತಿರ 23 ಕಿಲೋದ ಎರಡು ಪೆಟ್ಟಿಗೆ. ಮೋಡ ಕವಿದು ವಿಮಾನ ರದ್ದಾದರೆ ಮುಂದಿನದಕ್ಕೆ ಯಾರೂ ಹೊಣೆಯಲ್ಲ. ರೈಲೋ ಕಾರೋ, ಒಂದು ದಿನ ಮೊದಲೇ ಹೊರಡಿ.

ನನ್ನ ಲೆಕ್ಕ ಇಷ್ಟು: ಎಂಟು ತಾಸಿಗಿಂತ ಹೆಚ್ಚಿನ ಹಾರಾಟಕ್ಕೆ ಎ350 ಒಬ್ಬರಿಗೆ ಐದಾರು ಸಾವಿರ ರೂಪಾಯಿ ಹೆಚ್ಚಾದರೂ ಕೊಡುತ್ತೇನೆ. ಅದಿಲ್ಲದಿದ್ದರೆ 787, ಆದರೆ ನಡೆದಾರಿಯ ಪಕ್ಕದ ಸೀಟು ಸಿಕ್ಕರೆ ಮಾತ್ರ. ದುಬೈ, ದೋಹಾದವರೆಗಿನ ನಾಲ್ಕು ತಾಸಿಗೆ ಯಾವುದಾದರೂ ಸರಿ. ಅಲ್ಲಿಂದ ಮುಂದಿನ ಹಾರಾಟದ ಸಂಕೇತವನ್ನೇ ನೋಡಿ ಆರಿಸಿ.