ಸ್ತನದ ಥರ್ಮಲ್ ಸ್ಕ್ಯಾನ್ ಕ್ಯಾಂಪ್: ಕ್ಯಾಮೆರಾ ಚೆನ್ನಾಗಿದೆ, ಆಮೇಲಿನ ಕಥೆ ಕೇಳಿ

ಸ್ತನ ಕ್ಯಾನ್ಸರ್ ಪತ್ತೆಗೆ ಥರ್ಮಲ್ ಕ್ಯಾಮೆರಾ ಕ್ಯಾಂಪ್ ನಮ್ಮ ಆರೋಗ್ಯ ಕೇಂದ್ರಕ್ಕೂ ಬಂದಿತ್ತು. ಊರಿನ ಹೆಂಗಸರಿಗಿಂತ ಜಾಸ್ತಿ ಗೊಣಗಿದ್ದು ನಾವೇ, ಅಂದರೆ ಸಿಸ್ಟರ್‌ಗಳು ಮತ್ತು ಆಶಾ ಕಾರ್ಯಕರ್ತೆಯರು. ಹಾಗಾಗಿ ಇದು ಕೆಲಸ ಮಾಡುವವರ ಕಡೆಯಿಂದ ಬರೆದ ರಿವ್ಯೂ.

ಮೊದಲು ಮೆಷಿನ್. ಕ್ಯಾನ್ಸರ್ ಗಡ್ಡೆಗೆ ರಕ್ತ ಜಾಸ್ತಿ ಹರಿಯುತ್ತದೆ, ಆ ಜಾಗ ಸ್ವಲ್ಪ ಬಿಸಿ ಇರುತ್ತದೆ. ಕ್ಯಾಮೆರಾ ಆ ಬಿಸಿಯ ಚಿತ್ರ ತೆಗೆಯುತ್ತದೆ, ಸಾಫ್ಟ್‌ವೇರ್ ಅದನ್ನು ನೋಡಿ ಅನುಮಾನ ಇದೆಯೋ ಇಲ್ಲವೋ ಹೇಳುತ್ತದೆ. ಇಂಥದ್ದರಲ್ಲಿ ಹೆಸರು ಕೇಳಿರುವುದು ಬೆಂಗಳೂರಿನ ನಿರಾಮಯ್ ಕಂಪನಿಯ ಥರ್ಮಲಿಟಿಕ್ಸ್. ಗೀತಾ ಮಂಜುನಾಥ್ ಮತ್ತು ನಿಧಿ ಮಾಥುರ್ 2016ರಲ್ಲಿ ಶುರು ಮಾಡಿದ ಕಂಪನಿ ಅದು. ರೇಡಿಯೇಷನ್ ಇಲ್ಲ, ಯಾರೂ ಮುಟ್ಟುವುದಿಲ್ಲ, ಮ್ಯಾಮೊಗ್ರಾಮ್‌ನಲ್ಲಿ, ಅಂದರೆ ಸ್ತನದ ಎಕ್ಸ್‌ರೇಯಲ್ಲಿ, ಒತ್ತಿ ಹಿಡಿಯುತ್ತಾರಲ್ಲ, ಆ ನೋವೂ ಇಲ್ಲ. ನಮ್ಮ ಕಡೆ ಡಾಕ್ಟರ್ ಮುಂದೆ ರವಿಕೆ ಬಿಚ್ಚಲ್ಲ ಅಂತಲೇ ಎಷ್ಟೋ ಜನ ತಪಾಸಣೆಗೆ ಬರುವುದಿಲ್ಲ. ಅವರಿಗೆ ಪರದೆ ಹಿಂದೆ ಒಬ್ಬರೇ ಕೂರಬಹುದು ಅನ್ನುವುದೇ ದೊಡ್ಡ ಸಮಾಧಾನ.

ಆದರೆ ಹೇಳಿದಷ್ಟು ಸುಲಭ ಅಲ್ಲ. ಚಿತ್ರ ತೆಗೆಯುವ ಮೊದಲು ಮೈ ತಣ್ಣಗಾಗಬೇಕು, ಅದಕ್ಕೆ ಸುಮಾರು 10 ನಿಮಿಷ ತಂಪು ಕೋಣೆಯಲ್ಲಿ ಕೂರಿಸಬೇಕು. ಏಪ್ರಿಲ್ ಬಿಸಿಲು, ಮಧ್ಯಾಹ್ನ ಕರೆಂಟ್ ಹೋಯಿತು, ಹೊರಗೆ ಬೆಂಚಿನ ತುಂಬ ಜನ. ಎದೆಯ ಮೇಲೆ ಸರ ಇರಬಾರದು ಅಂದರೆ, ತಾಳಿ ಮಾತ್ರ ತೆಗೆಯಲ್ಲ ಅಂತ ಒಬ್ಬ ಅಜ್ಜಿ ಕೂತೇಬಿಟ್ಟರು. ಕೊನೆಗೆ ನಮ್ಮ ಆಶಾ ಅಕ್ಕನೇ ಅದನ್ನು ಬೆನ್ನ ಹಿಂದೆ ಇಳಿಬಿಟ್ಟು, ಕೂದಲನ್ನು ಎತ್ತಿ ಗಂಟು ಹಾಕಿ, 'ಈಗ ಆಯ್ತಲ್ಲ ಅಜ್ಜಿ, ಕೈ ಮೇಲೆತ್ತಿ' ಅಂದರು. ಎದುರಿಂದ, ಎರಡೂ ಓರೆಯಿಂದ, ಎರಡೂ ಪಕ್ಕದಿಂದ, ಹೀಗೆ 5 ಚಿತ್ರ. ಇದನ್ನೆಲ್ಲ ಯಾವ ಟ್ರೈನಿಂಗ್‌ನಲ್ಲೂ ಹೇಳಿಕೊಟ್ಟಿರಲಿಲ್ಲ ಬಿಡಿ.

ಇನ್ನು ನಮ್ಮ ಗೊಣಗಾಟ. ಸರ್ಕಾರಿ ಕಾರ್ಯಕ್ರಮದಲ್ಲಿ 30 ದಾಟಿದವರಿಗೆ ಬಾಯಿ, ಸ್ತನ, ಗರ್ಭಕಂಠದ ಕ್ಯಾನ್ಸರ್ ತಪಾಸಣೆ ಈಗಾಗಲೇ ಇದೆ. ಸ್ತನವನ್ನು ಕೈಯಲ್ಲೇ ಮುಟ್ಟಿ ನೋಡುತ್ತೇವೆ. ವರ್ಷಗಟ್ಟಲೆ ಹಾಗೆ ನೋಡಿದ ಹಿರಿಯ ಸಿಸ್ಟರ್‌ಗೆ 'ಇನ್ಮೇಲೆ ಕ್ಯಾಮೆರಾ ಹೇಳುತ್ತೆ' ಅಂದರೆ ಸಿಟ್ಟು ಬರಲ್ವಾ? ಅದಕ್ಕಿಂತ ಜಾಸ್ತಿ ಸಿಟ್ಟು ಬರಿಸಿದ್ದು ಬರವಣಿಗೆ. ಒಂದೇ ಹೆಸರು, ಒಂದೇ ಫೋನ್ ನಂಬರ್, ರಿಜಿಸ್ಟರ್‌ನಲ್ಲೊಮ್ಮೆ, ನಮ್ಮ ಮೊಬೈಲ್‌ನಲ್ಲೊಮ್ಮೆ, ಕ್ಯಾಂಪ್‌ನವರ ಟ್ಯಾಬ್‌ನಲ್ಲಿ ಇನ್ನೊಮ್ಮೆ. ಹೊಸ ತಂತ್ರಜ್ಞಾನ ಒಪ್ಪಲ್ಲ ಅಂತ ನಮ್ಮನ್ನು ದೂರುವವರು ಒಂದು ದಿನ ಬಂದು ಆ ಟ್ಯಾಬ್ ಹಿಡಿಯಲಿ.

ಅಸಲಿ ತೊಂದರೆ ಶುರುವಾಗಿದ್ದು ರಿಪೋರ್ಟ್ ಬಂದ ಮೇಲೆ. ಅನುಮಾನ ಅಂತ ಬಂದರೆ ಅದು ಕ್ಯಾನ್ಸರ್ ಅಂತಲ್ಲ, ಮ್ಯಾಮೊಗ್ರಾಮ್, ಅಲ್ಟ್ರಾಸೌಂಡ್, ಬೇಕಾದರೆ ಬಯಾಪ್ಸಿ (ಗಡ್ಡೆಯ ಚೂರು ತೆಗೆದು ಪರೀಕ್ಷಿಸುವುದು) ಆಗಬೇಕು. ಥರ್ಮಲ್ ಸ್ಕ್ಯಾನ್ ಮ್ಯಾಮೊಗ್ರಾಮ್‌ಗೆ ಬದಲಿ ಅಲ್ಲ ಅಂತ ಅಮೆರಿಕದಲ್ಲಿ ಔಷಧಿ, ವೈದ್ಯಕೀಯ ಉಪಕರಣಗಳ ಮೇಲೆ ಕಣ್ಣಿಡುವ ಸರ್ಕಾರಿ ಸಂಸ್ಥೆ ಎಫ್‌ಡಿಎ 2019ರಲ್ಲೂ ಎಚ್ಚರಿಸಿದೆ. ಅಂದರೆ ಅನುಮಾನದ ಚೀಟಿ ಕೈಗೆ ಬಂದವರು ಜಿಲ್ಲಾ ಆಸ್ಪತ್ರೆಗೋ ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಗೋ ಹೋಗಲೇಬೇಕು. ಕರೆದುಕೊಂಡು ಹೋಗುವವರು ಯಾರು? ಬಸ್ ಚಾರ್ಜು, ಒಂದು ದಿನದ ಕೂಲಿ? ಕ್ಯಾಂಪ್ ಮಾಡಿಸಿದ ಸಂಸ್ಥೆಯವರು ಬ್ಯಾನರ್ ಮುಂದೆ ಫೋಟೊ ತೆಗೆಸಿಕೊಂಡು ಹೊರಟರು, ಆಮೇಲೆ ಫೋನ್ ಮಾಡಿದರೆ 'ನೋಡ್ತೀವಿ ಮೇಡಂ' ಅಷ್ಟೇ. ರಾತ್ರಿ ನಿದ್ದೆ ಬರದ ಹೆಂಗಸು ಬಾಗಿಲು ತಟ್ಟುವುದು ಆಶಾ ಮನೆಯದು. ಏನೂ ಇಲ್ಲ ಅಂತ ಗೊತ್ತಾದ ಮೇಲೆ 'ಸುಮ್ನೆ ಹೆದರಿಸಿದ್ರಿ' ಅಂತ ಬೈಸಿಕೊಳ್ಳುವುದೂ ಅವರೇ. ಮುಂದಿನ ಸಲ ಅವರು ಮನೆ ಮನೆಗೆ ಹೋಗಿ ಕರೆಯಲು ಹಿಂಜರಿದರೆ ತಪ್ಪೇನು?

ಮೆಷಿನ್‌ಗೆ 5ರಲ್ಲಿ 4 ಕೊಡ್ತೀನಿ. ನಮ್ಮಲ್ಲಿ ನಡೆದ ಕ್ಯಾಂಪ್‌ಗೆ 2, ಅದೂ ಊಟ ಚೆನ್ನಾಗಿತ್ತು ಅಂತ. ನಿಮ್ಮ ಕೇಂದ್ರಕ್ಕೂ ಬರ್ತೀವಿ ಅಂದರೆ ದಿನಾಂಕ ಕೊಡುವ ಮೊದಲೇ ಕೇಳಿ: ಅನುಮಾನ ಬಂದವರ ಮ್ಯಾಮೊಗ್ರಾಮ್ ಎಲ್ಲಿ, ಯಾವ ದಿನ, ದುಡ್ಡು ಯಾರದ್ದು, ಜೊತೆಗೆ ಹೋಗುವ ಆಶಾಗೆ ಏನು ಕೊಡುತ್ತೀರಿ. ಬಾಯಲ್ಲಿ ಹೇಳಿದರೆ ಸಾಲದು, ಬರೆಸಿಕೊಳ್ಳಿ. ಜನರೇಟರ್ ತರ್ತಾರಾ ಅಂತಾನೂ ಕೇಳಿಬಿಡಿ.