ಗಜನಿ ಗದ್ದೆಯ ಭರತಿ ಲೆಕ್ಕ: ಸಿ ಪ್ಲಸ್ ಪ್ಲಸ್, ರಸ್ಟ್, ಜಿಗ್

ಕುಮಟಾ ತಾಲ್ಲೂಕಿನಲ್ಲಿ ಅಘನಾಶಿನಿಯ ಅಳಿವೆಗೆ ತಾಗಿದ ಗಜನಿ ಗದ್ದೆಗಳಲ್ಲಿ ಮಳೆಗಾಲದಲ್ಲಿ ಕಗ್ಗ ಭತ್ತ ಬೆಳೆಯುತ್ತದೆ; ಅನಂತರ ಉಪ್ಪುನೀರನ್ನು ಒಳಗೆ ಬಿಟ್ಟು ಸಿಗಡಿ, ಮೀನು ಹಿಡಿಯುತ್ತಾರೆ. ಎರಡಕ್ಕೂ ತೂಬಿನ ಹಲಗೆಯನ್ನು ಭರತಿ ಇಳಿತ ನೋಡಿಕೊಂಡೇ ಎತ್ತಬೇಕು, ಇಳಿಸಬೇಕು. ಮುಂದಿನ ಭರತಿ ಎಷ್ಟು ಹೊತ್ತಿಗೆ ಎಂದು ತೋರಿಸುವ ಪುಟ್ಟ ಪೆಟ್ಟಿಗೆಯೊಂದನ್ನು ಮನೆಯ ಗದ್ದೆಗಾಗಿ ಮಾಡಹೊರಟ ನಾನು, ಅದರ ಪ್ರೋಗ್ರಾಮನ್ನು ಸಿ ಪ್ಲಸ್ ಪ್ಲಸ್, ರಸ್ಟ್, ಜಿಗ್ ಎಂಬ ಮೂರು ಪ್ರೋಗ್ರಾಮಿಂಗ್ ಭಾಷೆಗಳಲ್ಲಿ ಬರೆದು ನೋಡಿದೆ.

ಉಬ್ಬರವಿಳಿತವೆಂದರೆ ಲೆಕ್ಕದ ಮಟ್ಟಿಗೆ ಹಲವು ಕೊಸೈನ್ ಅಲೆಗಳ ಮೊತ್ತ. ಅವುಗಳಲ್ಲಿ ಮುಖ್ಯವಾದ, ಚಂದ್ರನಿಂದಾಗುವ ಅರ್ಧದಿನದ ಅಲೆಯ ಅವಧಿ ಸುಮಾರು 12.42 ಗಂಟೆ. ಬಳಸಿದ ಬೋರ್ಡು ರಾಸ್ಪ್‌ಬೆರಿ ಪೈ ಪಿಕೋ. ಅದರ ಪ್ರೊಸೆಸರಿನಲ್ಲಿ ದಶಮಾಂಶ ಲೆಕ್ಕಕ್ಕೆ ಪ್ರತ್ಯೇಕ ಘಟಕವಿಲ್ಲ. ಆದ್ದರಿಂದ 256 ಅಂಕೆಗಳ ಕೊಸೈನ್ ಕೋಷ್ಟಕವನ್ನು ಕಂಪೈಲ್ ಸಮಯದಲ್ಲಿಯೇ, ಅಂದರೆ ಬರೆದ ಪ್ರೋಗ್ರಾಮನ್ನು ಬೋರ್ಡಿಗೆ ಹಾಕುವ ಮೊದಲು ಯಂತ್ರಭಾಷೆಗೆ ತಿರುಗಿಸುವಾಗಲೇ, ಸಿದ್ಧಪಡಿಸಿ, ಪೂರ್ಣಾಂಕಗಳಾಗಿ ಫ್ಲ್ಯಾಶ್ ಮೆಮೊರಿಯಲ್ಲಿ ಇಡುವುದು ನನ್ನ ಉದ್ದೇಶವಾಗಿತ್ತು.

ಸಿ ಪ್ಲಸ್ ಪ್ಲಸ್‌ನಲ್ಲಿ ಈ ಸೌಲಭ್ಯ 2011ರಲ್ಲಿ ಕಾನ್ಸ್ಟ್‌ಎಕ್ಸ್‌ಪರ್ ಎಂಬ ಹೆಸರಿನಲ್ಲಿ ಬಂದಿತು. ಆಗ ಒಂದೇ ರಿಟರ್ನ್ ವಾಕ್ಯದ ಫಂಕ್ಷನ್ನಿಗೆ ಮಾತ್ರ ಅನುಮತಿಯಿತ್ತು, ಲೂಪುಗಳು 2014ರ ಆವೃತ್ತಿಯಲ್ಲಿ ಸೇರಿದವು. ನನ್ನ ಕೋಷ್ಟಕ ಜಿಸಿಸಿ ಎಂಬ ಕಂಪೈಲರಿನಲ್ಲಿ ಒಮ್ಮೆಗೇ ಕಂಪೈಲ್ ಆಯಿತು, ಕ್ಲ್ಯಾಂಗ್ ಎಂಬ ಇನ್ನೊಂದು ಕಂಪೈಲರ್ ಅದನ್ನೇ ತಿರಸ್ಕರಿಸಿತು: ಕೊಸೈನನ್ನು ಕಂಪೈಲ್ ಸಮಯದಲ್ಲಿ ಒಪ್ಪುವುದು ಜಿಸಿಸಿ ತಾನಾಗಿ ಕೊಟ್ಟ ಸಡಿಲಿಕೆ, ಆಗಿನ ಮಾನದಂಡದಲ್ಲಿ ಅದಕ್ಕೆ ಜಾಗವಿರಲಿಲ್ಲ. ಇದಕ್ಕಿಂತ ಕಿರಿಕಿರಿಯಾದದ್ದು ಈ ಭಾಷೆಯ ಮೌನ. ಮೊದಲ ಕರಡಿನಲ್ಲಿ ಕೋಷ್ಟಕದ ಹಿಂದೆ, ಬದಲಾಗದು ಎಂದಷ್ಟೇ ಹೇಳುವ ಬರಿಯ ಕಾನ್ಸ್ಟ್ ಬರೆದಿದ್ದೆ, ಒಳಗಿನ ಒಂದು ಫಂಕ್ಷನ್ನಿಗೆ ಕಾನ್ಸ್ಟ್‌ಎಕ್ಸ್‌ಪರ್ ಹಾಕಲು ಮರೆತಿದ್ದೆ. ಕಂಪೈಲರ್ ಚಕಾರವೆತ್ತದೆ ಆ ಲೆಕ್ಕವನ್ನು ಬೋರ್ಡು ಚಾಲೂ ಆಗುವ ಹೊತ್ತಿಗೆ ಮುಂದೂಡಿತು; ಕೋಷ್ಟಕ ಫ್ಲ್ಯಾಶಿನ ಬದಲು ರ‍್ಯಾಮಿನಲ್ಲಿ ಕುಳಿತದ್ದು ಮೆಮೊರಿಯಲ್ಲಿ ಯಾವುದು ಎಲ್ಲಿದೆ ಎಂದು ತೋರಿಸುವ ಮ್ಯಾಪ್ ಕಡತ ತೆರೆದಾಗಲೇ ತಿಳಿದದ್ದು.

ಟೈಪ್ ಊಹೆಯಲ್ಲಿ, ಅಂದರೆ ಒಂದು ಚರ ಯಾವ ಬಗೆಯ ಸಂಖ್ಯೆ ಎಂದು ನಾವು ಬರೆಯದೆ ಕಂಪೈಲರೇ ತಿಳಿದುಕೊಳ್ಳುವಲ್ಲಿ, ಸಿಕ್ಕ ಪೆಟ್ಟು ಇನ್ನೂ ದೊಡ್ಡದು. ಅಲೆ ತನ್ನ ಸುತ್ತಿನಲ್ಲಿ ಎಲ್ಲಿದೆ ಎಂಬ ಹಂತವನ್ನು ನಾನು 16 ಬಿಟ್‌ಗಳಲ್ಲಿ ಇಟ್ಟಿದ್ದೆ. 65535 ದಾಟಿದರೆ ಅದು ತಾನಾಗಿ ಸೊನ್ನೆಗೆ ಮರಳುತ್ತದೆ, ಒಂದು ಸುತ್ತು ಮುಗಿಯುತ್ತದೆ ಎಂಬುದು ಎಣಿಕೆ. ನಮ್ಮ ಗದ್ದೆಗೆ ನೀರು ಬರುವಲ್ಲಿನ ವಿಳಂಬವನ್ನು ಅದಕ್ಕೆ ಕೂಡಿಸಿ, ಫಲಿತಾಂಶದ ಟೈಪನ್ನು ಕಂಪೈಲರೇ ಊಹಿಸಲೆಂದು ಆಟೋ ಎಂದು ಬರೆದೆ. ಆದರೆ ಈ ಭಾಷೆಯಲ್ಲಿ ಎರಡು 16 ಬಿಟ್ ಸಂಖ್ಯೆಗಳನ್ನು ಕೂಡಿಸಿದರೆ ಮೊತ್ತ ಇಂಟ್ (ಈ ಬೋರ್ಡಿನಲ್ಲಿ 32 ಬಿಟ್) ಆಗುತ್ತದೆ, ಆಟೋ ಬಲಬದಿಯದನ್ನು ಕಣ್ಣುಮುಚ್ಚಿ ಒಪ್ಪಿಕೊಳ್ಳುತ್ತದೆ. 40000ಕ್ಕೆ 40000 ಸೇರಿ 80000 ಆಯಿತು, ಕೋಷ್ಟಕದಲ್ಲಿ ಸ್ಥಾನ ಹೇಳಬೇಕಾದ ಮೇಲಿನ ಎಂಟು ಬಿಟ್‌ಗಳ ಬದಲು 312 ಎಂಬ ಸೂಚ್ಯಂಕ ಬಂತು, ಓದಿದ್ದು ಕೋಷ್ಟಕದ ಆಚೆಗಿನ ಯಾವುದೋ ಕಸವನ್ನು. ಇಳಿತದ ಹೊತ್ತಿನಲ್ಲಿ ಪೆಟ್ಟಿಗೆ ಭರತಿ ತೋರಿಸುತ್ತಿತ್ತು. ತಂದೆಯವರು ಅದನ್ನು ನೋಡದೆ ಹೊಳೆಯನ್ನೇ ನೋಡಿ ಹಲಗೆ ಎತ್ತಿದ್ದರಿಂದ ಸಿಗಡಿ ಉಳಿಯಿತು.

ರಸ್ಟ್‌ನಲ್ಲಿ ಈ ತಪ್ಪಿಗೆ ಆಸ್ಪದವಿಲ್ಲ: 16 ಬಿಟ್‌ಗಳ ಮೊತ್ತ 16 ಬಿಟ್‌ಗಳಲ್ಲಿಯೇ ಉಳಿಯುತ್ತದೆ, ಉಕ್ಕಿ ಹರಿದರೆ ಪರೀಕ್ಷೆಗೆಂದು ಕಟ್ಟಿದ ಡಿಬಗ್ ಬಿಲ್ಡ್ ಅಲ್ಲಿಯೇ ನಿಲ್ಲುತ್ತದೆ, ಸುತ್ತು ಬರಬೇಕೆಂದಿದ್ದರೆ ಅದನ್ನು ಹೆಸರಿಟ್ಟೇ ಕೇಳಬೇಕು. ಮೂರರಲ್ಲಿ ಊಹೆ ಅತ್ಯಂತ ಚುರುಕಾಗಿರುವುದೂ ಇಲ್ಲಿಯೇ. ಮೇಲೆ ಬರಿಯ ಸೊನ್ನೆಗಳ ಸಾಲೊಂದನ್ನು ಬರೆದರೆ, ಅದು ಕೆಳಗೆ ಯಾವ ಫಂಕ್ಷನ್ನಿಗೆ ಹೋಗುತ್ತದೆಂದು ನೋಡಿ ಕಂಪೈಲರ್ ಹಿಂದಕ್ಕೆ ಬಂದು ಟೈಪ್ ತುಂಬುತ್ತದೆ. ಅದಕ್ಕೂ ಮಿತಿಯಿದೆ: ಟೈಪ್ ಗೊತ್ತಿಲ್ಲದ ಸಂಖ್ಯೆಯ ಮೇಲೆ ಸುತ್ತುಬರುವ ಕೂಡಿಕೆಯಾದ ರ‍್ಯಾಪಿಂಗ್ ಆ್ಯಡ್ ಕರೆದರೆ ಒಪ್ಪುವುದಿಲ್ಲ, ಫಂಕ್ಷನ್ನಿನ ತಲೆಬರಹದಲ್ಲಿ ಟೈಪ್ ಬರೆಯಲೇಬೇಕು. ಆ ಕಟ್ಟುನಿಟ್ಟು ನನಗೆ ಹಿತವೆನಿಸಿತು.

ಕಂಪೈಲ್ ಸಮಯದ ಕೆಲಸದಲ್ಲಿ ಮಾತ್ರ ರಸ್ಟ್ ಜಿಪುಣ. ಕಂಪೈಲ್ ಸಮಯದಲ್ಲಿ ಓಡಬಲ್ಲ ಕಾನ್ಸ್ಟ್ ಫಂಕ್ಷನ್ 2018ರಲ್ಲಿ ಬಂದರೂ ಲೂಪು, ಇಫ್ ಸಿಕ್ಕಿದ್ದು 2020ರಲ್ಲಿ, ದಶಮಾಂಶ ಲೆಕ್ಕ 2024ರ ಅಕ್ಟೋಬರಿನಲ್ಲಿ. ಈಗಲೂ ಫಾರ್ ನಡೆಯುವುದಿಲ್ಲ, ವೈಲ್ ಬರೆಯಬೇಕು. ಕೊಸೈನ್ ಇಲ್ಲವೇ ಇಲ್ಲ. ಅದರ ನಿಖರತೆ ವೇದಿಕೆಯಿಂದ ವೇದಿಕೆಗೆ ಬದಲಾಗಬಹುದೆಂದು ಭಾಷೆಯ ಕೈಪಿಡಿಯೇ ಹೇಳುತ್ತದೆ. ಹಾಗಾಗಿ ಕೂಡುವುದು, ಗುಣಿಸುವುದರಿಂದಲೇ ಕೊಸೈನ್ ಕೊಡುವ ಟೇಲರ್ ಶ್ರೇಣಿಯನ್ನು ನಾನೇ ಬರೆದೆ.

ಜಿಗ್‌ನದು ಇದಕ್ಕೆ ತದ್ವಿರುದ್ಧ ಸ್ವಭಾವ. ಕಾಂಪ್‌ಟೈಮ್ ಎಂಬ ಅದರ ಕಂಪೈಲ್ ಸಮಯದ ಲೆಕ್ಕ ಅಲ್ಲಿ ಬೇರೆ ಉಪಭಾಷೆಯಲ್ಲ, ಅದೇ ಭಾಷೆ ಬೇರೆ ಹೊತ್ತಿನಲ್ಲಿ ಓಡುತ್ತದೆ. ಕೊಸೈನ್ ಕೇಳಿದೆ, ಕೊಟ್ಟಿತು. ಕೋಷ್ಟಕವನ್ನು 1024ಕ್ಕೆ ಹಿಗ್ಗಿಸಿದಾಗ, ಲೂಪು ಮತ್ತೆ ಮೊದಲಿಗೆ ಮರಳುವ ಹಿಂದಕ್ಕೆ ಜಿಗಿತಗಳು 1000 ಮೀರಿದವೆಂದು ತಡೆಯಿತು. ಮಿತಿ ಏರಿಸುವ ಒಂದು ಸಾಲು ಸಾಕಾಯಿತು. ಊಹೆಯಲ್ಲಿ ಮಾತ್ರ ಅದು ಏನನ್ನೂ ಬಿಟ್ಟುಕೊಡದು: ಬದಲಾಗುವ ಚರಕ್ಕೆ ಬರಿಯ ಸೊನ್ನೆ ಕೊಟ್ಟರೆ ಟೈಪ್ ಬರೆ ಎನ್ನುತ್ತದೆ, ಕೆಳಗಿನ ಸಾಲುಗಳನ್ನು ನೋಡಿ ತಿಳಿದುಕೊಳ್ಳುವುದಿಲ್ಲ. ಸುತ್ತುಬರುವ ಕೂಡಿಕೆಗೆ ಪ್ರತ್ಯೇಕ ಚಿಹ್ನೆಯೇ ಇದೆ. ನಿಮಿಷಕ್ಕೆ ಎಷ್ಟು ಹಂತವೆಂಬ ಲೆಕ್ಕವನ್ನೂ ಅವಧಿಯಿಂದ ಅಲ್ಲಿಯೇ ಮಾಡಿಸಿದಾಗ 16 ಬಿಟ್‌ಗಳಲ್ಲಿ 87.94 ಬಂತು. ಉಳಿದೆರಡರಲ್ಲಿ ನಾನು ಕೈಯಾರೆ 88 ಎಂದು ಬರೆದಿದ್ದೆ, ಅಂದರೆ ದಿನಕ್ಕೆ ಸುಮಾರು ಒಂದು ನಿಮಿಷದಂತೆ ತಿಂಗಳಿಗೆ ಅರ್ಧ ಗಂಟೆಯ ತಪ್ಪು. ಮೂರರಲ್ಲಿಯೂ ಹಂತವನ್ನು 32 ಬಿಟ್‌ಗೆ ಏರಿಸಿದ್ದು ಆ ಬಳಿಕ.

ಬರೆಯುವ ಸುಖಕ್ಕೆ ಜಿಗ್ ನನ್ನ ಆಯ್ಕೆ. ಆದರೆ ಅದಿನ್ನೂ 1.0 ತಲುಪಿಲ್ಲ, ಕಂಪೈಲರ್ ಬದಲಿಸಿದಾಗ ನನ್ನ ಬಿಲ್ಡ್ ಕಡತ ಮುರಿಯಿತು; ಮಳೆಗಾಲದಲ್ಲಿ ಗದ್ದೆಯ ಬದುವಿನಲ್ಲಿರುವ ಪೆಟ್ಟಿಗೆಗೆ ಅದು ಸಲ್ಲದು. ಈಗ ಓಡುತ್ತಿರುವುದು ರಸ್ಟ್. ಅದರ ಕೋಷ್ಟಕವನ್ನು ಜಿಗ್‌ನದರೊಂದಿಗೆ ತಾಳೆ ನೋಡಿದಾಗ ಹಲವೆಡೆ ಒಂದರ ವ್ಯತ್ಯಾಸ ಕಂಡಿತು. ಶ್ರೇಣಿಯಲ್ಲಿ ದೋಷವಿರಲಿಲ್ಲ, ಪೂರ್ಣಾಂಕಕ್ಕೆ ತಿರುಗಿಸುವಾಗ ದಶಮಾಂಶವನ್ನು ಕತ್ತರಿಸುತ್ತಿದ್ದೆ, ಹತ್ತಿರದ ಅಂಕೆಗೆ ಸರಿಸುತ್ತಿರಲಿಲ್ಲ.