ಹರಳೆಣ್ಣೆಯೋ ಖರ್ಜೂರವೋ: ದಿನ ತುಂಬಿದ ಮೇಲೆ ನಾನು ಮಾಡಿ ನೋಡಿದ್ದು

ಡ್ಯೂ ಡೇಟ್ ದಾಟಿ ನಾಲ್ಕು ದಿನ ಆಗಿತ್ತು. ಫೋನ್ ಮಾಡಿದವರೆಲ್ಲ ಕೇಳುತ್ತಿದ್ದದ್ದು ಒಂದೇ, ‘ಇನ್ನೂ ಆಗಿಲ್ವಾ?’ ಕಾಲು ಊದಿ ಚಪ್ಪಲಿ ಹಿಡಿಯುತ್ತಿರಲಿಲ್ಲ. ರಾತ್ರಿ ಮಗ್ಗುಲು ಬದಲಿಸಬೇಕಾದರೆ ಎದ್ದು ಕೂತು, ಹೊಟ್ಟೆಯನ್ನು ಎರಡೂ ಕೈಯಲ್ಲಿ ಹಿಡಿದು ಆ ಕಡೆಗೆ ಸಾಗಿಸಿ, ಮತ್ತೆ ಮಲಗಬೇಕು. ಅಂಥ ಹೊತ್ತಿನಲ್ಲಿ ಯಾರು ಏನು ಹೇಳಿದರೂ ಮಾಡಿಬಿಡೋಣ ಅನ್ನಿಸುತ್ತದೆ. ಮೊದಲ ಬಸುರಿನಲ್ಲಿ ಕಿವಿಗೆ ಬಿದ್ದದ್ದನ್ನೆಲ್ಲ ಮಾಡಿದೆ. ಎರಡನೆಯದರಲ್ಲಿ ಆರಿಸಿಕೊಂಡು ಎರಡು ಮೂರು ಮಾಡಿದೆ.

ಹೆರಿಗೆ ನೋವು ಬರಿಸುತ್ತವೆ ಅನ್ನುವ ಈ ಮನೆಮದ್ದುಗಳಲ್ಲಿ ಒಂದು ಮೋಸ ಇದೆ. ಡ್ಯೂ ಡೇಟ್ ಅಂದರೆ ಕೊನೆಯ ಮುಟ್ಟಿನ ಮೊದಲ ದಿನದಿಂದ 280 ದಿನ ಎಣಿಸಿ ಹಾಕಿದ ಅಂದಾಜು. ಸರಿಯಾಗಿ ಅದೇ ದಿನ ಹುಟ್ಟುವ ಮಕ್ಕಳು ನೂರಕ್ಕೆ ಸುಮಾರು ಐದು. ಉಳಿದವರು ಹಿಂದೆ ಮುಂದೆ. 40 ವಾರ ತುಂಬಿದವಳಿಗೆ ಏನೂ ಮಾಡದೆ ಸುಮ್ನೆ ಕೂತರೂ ಒಂದೆರಡು ವಾರದೊಳಗೆ ನೋವು ಬರುವ ಸಂಭವವೇ ಜಾಸ್ತಿ. ಹಿಂದಿನ ದಿನ ಏನು ತಿಂದಿದ್ದಳೋ ಅದಕ್ಕೆ ಹೆಸರು ಬರುತ್ತದೆ, ಅಷ್ಟೇ. ಹಾಗಾಗಿ ಎರಡನೇ ಸಲ ನಾನು ‘ಯಾವುದು ಕೆಲಸ ಮಾಡುತ್ತದೆ’ ಅಂತ ಕೇಳಲಿಲ್ಲ. ‘ಇದು ಕೆಲಸ ಮಾಡದಿದ್ದರೆ ನನಗೆ ನಷ್ಟ ಏನು’ ಅಂತ ಕೇಳಿಕೊಂಡೆ. ಈ ಹೋಲಿಕೆಯೂ ಆ ಲೆಕ್ಕದಲ್ಲೇ ಇದೆ.

ಅನಾನಸ್ ಮತ್ತು ಖಾರದ ಊಟ ಬೇಗ ಮುಗಿಯುತ್ತವೆ. ಅನಾನಸ್‌ನಲ್ಲಿ ಬ್ರೊಮೆಲೈನ್ ಎಂಬ ಅಂಶ ಇದೆ, ಅದು ಗರ್ಭಕೋಶದ ಬಾಯಿಯನ್ನು ಮೆತ್ತಗೆ ಮಾಡುತ್ತದೆ ಅನ್ನುತ್ತಾರೆ. ಆದರೆ ಅದು ಜಾಸ್ತಿ ಇರುವುದು ನಾವು ಬಿಸಾಡುವ ದಿಂಡಿನಲ್ಲಿ. ತಿಂದ ಚೂರುಪಾರು ಹೊಟ್ಟೆಯಲ್ಲೇ ಜೀರ್ಣ ಆಗುತ್ತದೆ. ನನಗೆ ನಾಲಿಗೆ ಉರಿದದ್ದೊಂದೇ ಫಲ. ಖಾರ ತಿಂದ ರಾತ್ರಿ ಎದೆಯುರಿ. ಆ ತಿಂಗಳಲ್ಲಿ ಅದು ಮೊದಲೇ ಬೇಕಾದಷ್ಟು ಇರುತ್ತದೆ, ಅಲ್ವಾ?

ಈಗ ಹರಳೆಣ್ಣೆ. ಹಳೆಯ ಕಾಲದಿಂದಲೂ ಬಂದ ಮದ್ದು, ಹಿಂದೆ ಆಸ್ಪತ್ರೆಗಳಲ್ಲೇ ಕುಡಿಸುತ್ತಿದ್ದರಂತೆ. ನಾನು ಡಾಕ್ಟರಿಗೆ ಹೇಳದೆ ಕುಡಿದೆ, ಅದು ಮೊದಲ ತಪ್ಪು. ಹಣ್ಣಿನ ರಸಕ್ಕೆ ಹಾಕಿ ಎಷ್ಟು ಕಲಸಿದರೂ ಎಣ್ಣೆ ಮೇಲೆ ತೇಲಿ ಬಂತು. ಮೂಗು ಹಿಡಿದು ನುಂಗಿದೆ. ತುಟಿಗೆ ಅಂಟಿದ ಜಿಡ್ಡು ಎರಡು ಸಲ ಸೋಪು ಹಾಕಿದರೂ ಹೋಗಲಿಲ್ಲ. ಮೂರು ಗಂಟೆ ಏನೂ ಇಲ್ಲ. ಆಮೇಲೆ ಶುರುವಾಯಿತು ನೋಡಿ, ಬೆಳಗಿನ ತನಕ ಬಚ್ಚಲುಮನೆಯೇ ಗತಿ. ಎದುರಿನ ಗೋಡೆಯ ಟೈಲ್ಸ್ ಎಣಿಸಿದ್ದೇನೆ, ಅಡ್ಡಕ್ಕೆ ಹನ್ನೊಂದು, ಉದ್ದಕ್ಕೆ ಹದಿನಾಲ್ಕು. ಎರಡು ಗಂಟೆ ಹೊತ್ತಿಗೆ ಹೊಟ್ಟೆ ಕಲ್ಲಿನ ಹಾಗೆ ಬಿಗಿಯತೊಡಗಿತು. ನಾಲ್ಕು ನಿಮಿಷಕ್ಕೊಮ್ಮೆ ಬಿಗಿತ. ಗಂಡ ಬ್ಯಾಗು ತಂದು ಬಾಗಿಲ ಹತ್ತಿರ ಇಟ್ಟರು. ಬೆಳಕು ಹರಿಯುವಾಗ ಎಲ್ಲ ನಿಂತುಹೋಯಿತು. ಬಾಯಿ ಒಣಗಿ, ಕೈ ನಡುಗುತ್ತಾ ಆಸ್ಪತ್ರೆಗೆ ಹೋದರೆ ಗರ್ಭಕೋಶದ ಬಾಯಿ ಒಂದೇ ಸೆಂಟಿಮೀಟರ್ ತೆರೆದಿತ್ತು. ಹಿಂದಿನ ವಾರವೂ ಅಷ್ಟೇ ಇತ್ತು. ಮೈಯಲ್ಲಿ ನೀರು ಕಡಿಮೆಯಾಗಿದೆ ಅಂತ ಡ್ರಿಪ್ ಹಾಕಿದರು, ಬೈದರು ಕೂಡ.

ಹರಳೆಣ್ಣೆ ಬರೀ ಭೇದಿ ಮದ್ದು ಅಂತಲ್ಲ. ಅದರಲ್ಲಿರುವ ರಿಸಿನೋಲಿಕ್ ಆಮ್ಲ ಕರುಳನ್ನೂ ಗರ್ಭಕೋಶವನ್ನೂ ಒಂದೇ ಬಗೆಯ ರಿಸೆಪ್ಟರ್ (ಜೀವಕೋಶಗಳು ಸಂಕೇತ ಹಿಡಿಯುವ ಜಾಗ) ಮೂಲಕ ಕೆರಳಿಸುತ್ತದೆ ಅಂತ 2012ರಲ್ಲಿ ಇಲಿಗಳ ಮೇಲಿನ ಪ್ರಯೋಗದಲ್ಲಿ ಕಂಡುಕೊಂಡರು. ನನಗೆ ಬಂದ ಬಿಗಿತ ಸುಳ್ಳಲ್ಲ, ಆದರೆ ಗರ್ಭಕೋಶದ ಬಾಯಿ ಇನ್ನೂ ಹಣ್ಣಾಗದೆ, ಅಂದರೆ ಮೆತ್ತಗಾಗದೆ ಇದ್ದಾಗ ಬಂದ ಬಿಗಿತ. ಅದರಿಂದ ಸಿಕ್ಕಿದ್ದು ಸುಸ್ತು ಮಾತ್ರ. ಅಂತೂ ನಷ್ಟದ ಪಟ್ಟಿಯಲ್ಲಿ ಇದಕ್ಕೇ ಮೊದಲ ಸ್ಥಾನ. ಇನ್ಯಾರೂ ಮಾಡಬೇಡಿ.

ಖರ್ಜೂರದ ಕಥೆ ಬೇರೆ. ಜೋರ್ಡಾನ್‌ನಲ್ಲಿ ನಡೆದ ಒಂದು ಅಧ್ಯಯನ 2011ರಲ್ಲಿ ಪ್ರಕಟವಾಯಿತು. ಡ್ಯೂ ಡೇಟಿಗೆ ಮೊದಲಿನ ನಾಲ್ಕು ವಾರ ದಿನಕ್ಕೆ ಆರು ಖರ್ಜೂರ ತಿಂದ 69 ಹೆಂಗಸರನ್ನು ತಿನ್ನದ 45 ಜನರೊಂದಿಗೆ ಹೋಲಿಸಿದರು. ತಿಂದವರಲ್ಲಿ 96 ಪ್ರತಿಶತ ಮಂದಿಗೆ ನೋವು ತಾನಾಗಿ ಬಂತು, ತಿನ್ನದವರಲ್ಲಿ 79. ಆಸ್ಪತ್ರೆಗೆ ಬಂದಾಗ ತಿಂದವರ ಗರ್ಭಕೋಶದ ಬಾಯಿ ಹೆಚ್ಚು ತೆರೆದಿತ್ತು ಕೂಡ. ಜನ ಕಡಿಮೆ, ಅದೂ ಚೀಟಿ ಎತ್ತಿ ಗುಂಪು ಮಾಡಿದ್ದಲ್ಲ, ಹಾಗಾಗಿ ಪೂರ್ತಿ ನಂಬಲು ನಾನೂ ಹಿಂದೆಮುಂದೆ ನೋಡುತ್ತೇನೆ. ಆದರೂ ತಿಂದೆ. ಎರಡನೇ ಬಸುರಿನಲ್ಲಿ 36 ವಾರದಿಂದ ಬೆಳಿಗ್ಗೆ ಮೂರು, ಸಂಜೆ ಮೂರು. ಮೊದಲ ವಾರ ಸಿಹಿ ಸಿಹಿ, ಮೂರನೇ ವಾರಕ್ಕೆ ಡಬ್ಬ ಕಂಡರೇ ವಾಕರಿಕೆ. ಕೆಲಸ ಮಾಡದಿದ್ದರೂ ಮಲಬದ್ಧತೆ ಹೋಯಿತಲ್ಲ, ಅದೇ ಲಾಭ. ಬಸುರಿನ ಸಕ್ಕರೆ ಕಾಯಿಲೆ ಇರುವವರು ಮಾತ್ರ ಕೇಳಿಕೊಂಡು ತಿನ್ನಬೇಕು, ಆರು ಖರ್ಜೂರದಲ್ಲಿ ಸಕ್ಕರೆ ಕಡಿಮೆ ಏನಲ್ಲ. ರಾಸ್‌ಬೆರಿ ಎಲೆಯ ಟೀ ಬಗ್ಗೆ ಹೇಳುವಂಥದ್ದು ಏನೂ ಇಲ್ಲ. ಕುಡಿದೆ, ಹುಲ್ಲಿನ ರುಚಿ.

ಗಂಡ ಹೆಂಡತಿ ಸೇರುವುದು ಮತ್ತು ಮೊಲೆತೊಟ್ಟು ತೀಡುವುದು, ಇವೆರಡನ್ನೂ ಜನ ಪಿಸುಮಾತಿನಲ್ಲಿ ಹೇಳುತ್ತಾರೆ. ವೀರ್ಯದಲ್ಲಿ ಬಾಯಿ ಹಣ್ಣು ಮಾಡುವ ಪ್ರೋಸ್ಟಗ್ಲಾಂಡಿನ್ ಇರುವುದು ನಿಜ. ಆದರೆ ಮಲೇಷ್ಯಾದಲ್ಲಿ ದಿನ ತುಂಬಿದವರ ಮೇಲೆ ನಡೆದ ಪ್ರಯೋಗಗಳಲ್ಲಿ ಇದರಿಂದ ವ್ಯತ್ಯಾಸ ಕಾಣಲಿಲ್ಲ. ನಮಗೂ ನಗು ಬಂದದ್ದು ಬಿಟ್ಟರೆ ಏನೂ ಆಗಲಿಲ್ಲ. ಮಗುವಿನ ಸುತ್ತಲಿನ ನೀರು ಹೋಗಿದ್ದರೆ, ಕಸ (ಮಾಸು, ಪ್ಲಾಸೆಂಟಾ) ಕೆಳಗಿದ್ದರೆ ಇದು ಬೇಡವೇ ಬೇಡ.

ಮೊಲೆತೊಟ್ಟಿನದು ಮಾತ್ರ ನನ್ನನ್ನು ಬೆಚ್ಚಿಬೀಳಿಸಿತು. ಮಗು ಹಾಲು ಕುಡಿಯುವಾಗ ಮೈಯಲ್ಲಿ ಬಿಡುಗಡೆಯಾಗುವ ಆಕ್ಸಿಟೋಸಿನ್, ಗರ್ಭಕೋಶವನ್ನು ಬಿಗಿಸುವ ಹಾರ್ಮೋನ್, ಇಲ್ಲೂ ಬಿಡುಗಡೆಯಾಗುತ್ತದೆ. ಆಸ್ಪತ್ರೆಯ ಡ್ರಿಪ್‌ನಲ್ಲಿ ಹಾಕುವುದೂ ಅದನ್ನೇ. 2005ರ ಒಂದು ಕಾಕ್ರೇನ್ ವಿಮರ್ಶೆಯ (ಹಲವು ಪ್ರಯೋಗಗಳನ್ನು ಒಟ್ಟಿಗೆ ಸೇರಿಸಿ ನೋಡುವ ವರದಿ) ಪ್ರಕಾರ ಇದನ್ನು ಮಾಡಿದ ನೂರರಲ್ಲಿ ಸುಮಾರು 37 ಮಂದಿಗೆ ಮೂರು ದಿನದೊಳಗೆ ನೋವು ಬಂತು, ಮಾಡದವರಲ್ಲಿ 6 ಮಂದಿಗೆ. ಆದರೆ ಬಾಯಿ ಆಗಲೇ ಹಣ್ಣಾಗಿದ್ದವರಲ್ಲಿ ಮಾತ್ರ ಈ ವ್ಯತ್ಯಾಸ. ಅಪಾಯದ ಬಸುರಿಯರು ಮಾಡಬಾರದು ಅಂತಲೂ ಅದರಲ್ಲೇ ಇದೆ. ನಾನು 39 ವಾರ ದಾಟಿದ ಮೇಲೆ ಡಾಕ್ಟರನ್ನು ಕೇಳಿ ಮಾಡಿದೆ. ಬಿಸಿ ಟವೆಲ್ ಇಟ್ಟು, ಒಂದು ಸಲಕ್ಕೆ ಒಂದೇ ಕಡೆ, ಬಿಗಿತ ಬಂದ ಕೂಡಲೇ ಕೈ ತೆಗೆಯುವುದು. ಏಳನೇ ನಿಮಿಷಕ್ಕೆ ಹೊಟ್ಟೆ ಒಂದು ಕಡೆ ಗೂಡು ಕಟ್ಟಿ ನಿಂತಿತು. ಮತ್ತೆ ಬಿಟ್ಟಿತು, ಮತ್ತೆ ಹಿಡಿಯಿತು. ಕೈ ತೆಗೆದ ಹತ್ತು ನಿಮಿಷದಲ್ಲಿ ತಣ್ಣಗಾಯಿತು. ಉಳಿದದ್ದರಲ್ಲಿ ಯಾವುದಕ್ಕೂ ಮೈ ಇಷ್ಟು ನೇರವಾಗಿ ಉತ್ತರ ಕೊಟ್ಟಿರಲಿಲ್ಲ. ಅದಕ್ಕೇ ಇದನ್ನು ಹೆದರಿಕೊಂಡೇ ಮಾಡಬೇಕು. ಜಾಸ್ತಿ ಆದರೆ ಬಿಗಿತಗಳ ನಡುವೆ ಮಗುವಿಗೆ ಉಸಿರು ತಿರುಗಿಸಲು ಬಿಡುವು ಸಿಗುವುದಿಲ್ಲ.

ನಡಿಗೆ ಮತ್ತು ದೊಡ್ಡ ಚೆಂಡು? ನೋವು ಬರಿಸಲಿಲ್ಲ. ಆದರೆ ಸೊಂಟ ಹಗುರ ಆಯಿತು, ನಿದ್ದೆ ಬಂತು. ಚೆಂಡಿನ ಮೇಲೆ ಕೂತು ಸೊಂಟ ತಿರುಗಿಸುತ್ತಾ ಕಾಳು ಆರಿಸುತ್ತಿದ್ದೆ, ಸಮಯ ಹೋಗುತ್ತಿತ್ತು.

ಖರ್ಜೂರ, ನಡಿಗೆ, ಚೆಂಡು ಬಿಟ್ಟರೆ ಉಳಿದದ್ದೆಲ್ಲ 39 ವಾರಕ್ಕೆ ಮೊದಲು ಬೇಡ. ಮೊದಲ ಹೆರಿಗೆ ಸಿಸೇರಿಯನ್ ಆಗಿದ್ದರೆ, ಮಗು ಅಡ್ಡ ಇದ್ದರೆ, ಅವಳಿ ಇದ್ದರೆ, ಬಿಪಿ ಇದ್ದರೆ ಯಾವುದಕ್ಕೂ ಕೈ ಹಾಕಬೇಡಿ. ಮಗು ಒದೆಯುವುದು ಕಡಿಮೆಯಾದರೆ, ರಕ್ತ ಕಂಡರೆ, ನೀರು ಹಸಿರಾಗಿ ಹೋದರೆ ಮನೆಮದ್ದಿನ ಮಾತೇ ಇಲ್ಲ, ಆಸ್ಪತ್ರೆಗೆ ಓಡಿ.

ಮೊದಲ ಸಲ ಕೊನೆಗೂ 41 ವಾರ ತುಂಬಿ, ಡಾಕ್ಟರ್ ಗರ್ಭಕೋಶದ ಬಾಯಿ ಮೆತ್ತಗೆ ಮಾಡುವ ಜೆಲ್ ಇಟ್ಟು, ಡ್ರಿಪ್ ಹಾಕಿ ನೋವು ಬರಿಸಿದರು. ಆ ವಾರದ ಹೊತ್ತಿಗೆ ಹಾಗೆ ಮಾಡಿಸಬೇಕು ಅಂತ ವಿಶ್ವ ಆರೋಗ್ಯ ಸಂಸ್ಥೆಯೂ ಹೇಳುತ್ತದೆ. ನಾನು ಅಷ್ಟು ದಿನ ಅದನ್ನೇ ತಪ್ಪಿಸಿಕೊಳ್ಳಲು ಒದ್ದಾಡಿದ್ದೆ. ನೋಡಿದರೆ ಹರಳೆಣ್ಣೆಯ ರಾತ್ರಿಗಿಂತ ಅದೇ ಎಷ್ಟೋ ವಾಸಿ.

ಎರಡನೇ ಸಲ 39 ವಾರ 5 ದಿನಕ್ಕೆ ನೋವು ತಾನಾಗಿ ಬಂತು. ಖರ್ಜೂರದಿಂದಲೋ, ಎರಡನೇ ಮಗು ಅನ್ನೋ ಕಾರಣಕ್ಕೋ ಹೇಳಲಾರೆ. ಡಬ್ಬದಲ್ಲಿ ಇನ್ನೂ ಒಂಬತ್ತು ಉಳಿದಿದ್ದವು. ನಾವು ಆಸ್ಪತ್ರೆಯಿಂದ ಬರುವಷ್ಟರಲ್ಲಿ ದೊಡ್ಡವಳು ಅದನ್ನೆಲ್ಲ ತಿಂದು, ಬೀಜಗಳನ್ನು ಕಿಟಕಿ ಕಟ್ಟೆಯ ಮೇಲೆ ಸಾಲಾಗಿ ಜೋಡಿಸಿಟ್ಟಿದ್ದಳು.